ಕಿಕ್ ಕಟ್ಟಲು ಮೂರು ದಾರಿ: ಕೊಂಡ ಪ್ಲಗಿನ್, ಪ್ಯೂರ್ ಡೇಟಾ, ಸೂಪರ್‌ಕೊಲೈಡರ್

ಸ್ಯಾಂಪಲ್‌ಗಳನ್ನು (ಮೊದಲೇ ಧ್ವನಿಮುದ್ರಿಸಿಟ್ಟ ತುಣುಕುಗಳನ್ನು) ನೆಚ್ಚದೆ ಡ್ರಮ್‌ನ ಪ್ರತಿಯೊಂದು ಏಟನ್ನೂ ಬುಡದಿಂದ ಕಟ್ಟಬೇಕೆಂದು ಹೊರಟವರಿಗೆ ಸಾಧನಗಳ ಕೊರತೆಯಿಲ್ಲ. ಒಂದೇ ಕೆಲಸಕ್ಕೆ ನಾನು ಮೂರನ್ನು ಬಳಸಿ ನೋಡಿದ್ದೇನೆ: ಹಣ ಕೊಟ್ಟು ಕೊಂಡ ಒಂದು ಡ್ರಮ್ ಸಿಂಥ್ ಪ್ಲಗಿನ್ (ಸಂಗೀತ ತಂತ್ರಾಂಶದೊಳಗೆ ಕೂತು ಡ್ರಮ್ ಧ್ವನಿ ಹುಟ್ಟಿಸುವ ಕಿರು ತಂತ್ರಾಂಶ), ಪೆಟ್ಟಿಗೆಗಳನ್ನು ತಂತಿಗಳಿಂದ ಜೋಡಿಸಿ ಧ್ವನಿ ಕಟ್ಟುವ, ಮಿಲ್ಲರ್ ಪಕೆಟ್ ರೂಪಿಸಿದ ಪ್ಯೂರ್ ಡೇಟಾ, ಮತ್ತು ಕೋಡ್ ಬರೆದು ಧ್ವನಿ ಕಟ್ಟುವ, ಜೇಮ್ಸ್ ಮೆಕಾರ್ಟ್ನಿ 1996ರಲ್ಲಿ ಹೊರತಂದ ಸೂಪರ್‌ಕೊಲೈಡರ್. ಕೊನೆಯ ಎರಡೂ ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶಗಳು. ಈಗ ನನ್ನ ಡ್ರಮ್ ಕೆಲಸವೆಲ್ಲ ಸೂಪರ್‌ಕೊಲೈಡರ್‌ನಲ್ಲೇ ನಡೆಯುತ್ತದೆ. ಅಲ್ಲಿಗೆ ನನ್ನನ್ನು ತಳ್ಳಿದ್ದು ಹಣ ಕೊಟ್ಟು ಕೊಂಡ ಪ್ಲಗಿನ್.

ಕಿಕ್ (ದೊಡ್ಡ ಡ್ರಮ್‌ನ ತಗ್ಗು ಧ್ವನಿಯ ಏಟು) ಎಂದರೆ ಮೂಲತಃ ಒಂದು ಸೈನ್ ಅಲೆ. ಅದರ ಪಿಚ್ (ಸ್ವರದ ಎತ್ತರ) 250 ಹರ್ಟ್ಸ್‌ನ ಆಸುಪಾಸಿನಿಂದ 50 ಹರ್ಟ್ಸ್‌ಗೆ ಸುಮಾರು 60 ಮಿಲಿಸೆಕೆಂಡ್‌ಗಳಲ್ಲಿ ಜಾರುತ್ತದೆ, ಸದ್ದು ಅದಕ್ಕಿಂತ ನಿಧಾನವಾಗಿ ಅಡಗುತ್ತದೆ. ಕಿವಿ ಅದನ್ನು ಏಟೆಂದು ಗುರುತಿಸುವುದು ಆ ಜಾರುವಿಕೆಯಿಂದಲೇ. ಆದ್ದರಿಂದ ಮಾಡ್ಯುಲೇಷನ್ (ಒಂದು ಸಂಕೇತದಿಂದ ಧ್ವನಿಯ ಗುಣವೊಂದನ್ನು ಏರಿಳಿಸುವುದು) ಎಷ್ಟು ಕಡೆಗೆ ಹರಿಸಬಹುದು ಎಂಬುದಕ್ಕಿಂತ, ಅದು ಎಷ್ಟು ಬೇಗ ಮತ್ತು ಎಷ್ಟು ನಿಖರವಾಗಿ ಕೆಲಸಕ್ಕೆ ಇಳಿಯುತ್ತದೆ ಎಂಬುದೇ ಡ್ರಮ್‌ಗೆ ಮುಖ್ಯ. ಐದು ಸೆಕೆಂಡ್ ಉಳಿಯುವ ಪ್ಯಾಡ್ ಧ್ವನಿಯಲ್ಲಿ ಹತ್ತು ಮಿಲಿಸೆಕೆಂಡ್‌ನ ಸೋಮಾರಿತನ ಯಾರ ಗಮನಕ್ಕೂ ಬರುವುದಿಲ್ಲ, ಕಿಕ್‌ನಲ್ಲಿ ಅದು ಧ್ವನಿಯನ್ನೇ ಬದಲಿಸಿಬಿಡುತ್ತದೆ.

ಪ್ಲಗಿನ್‌ನ ಬಾಹ್ಯ ರೂಪಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಎಲ್‌ಎಫ್‌ಒವನ್ನು (ನಿಧಾನವಾಗಿ ಏರಿಳಿಯುವ ನಿಯಂತ್ರಣ ಅಲೆಯನ್ನು) ಹಿಡಿದೆಳೆದು ಯಾವುದೇ ನಾಬ್‌ನ ಮೇಲೆ ಬಿಟ್ಟರೆ ಸಂಪರ್ಕವಾಯಿತು, ಎನ್ವಲಪ್‌ನ (ಸದ್ದು ಅಥವಾ ಪಿಚ್ ಕಾಲಕ್ಕೆ ತಕ್ಕಂತೆ ಬದಲಾಗುವುದನ್ನು ತೋರುವ ಗೆರೆಯ) ಬಾಗನ್ನು ಮೌಸ್‌ನಿಂದಲೇ ತಿದ್ದಬಹುದು, ಅರ್ಧ ನಿಮಿಷದಲ್ಲಿ ಕೇಳುವಂಥ ಕಿಕ್ ಸಿಗುತ್ತದೆ. ತೊಂದರೆ ಎದುರಾದದ್ದು ಹಾಡು ಬೆಳೆದು ಕಂಪ್ಯೂಟರ್ ಏದುಸಿರು ಬಿಡತೊಡಗಿದಾಗ. ಹೊರೆ ಇಳಿಸಲು ಆಡಿಯೋ ಬಫರನ್ನು (ಕಂಪ್ಯೂಟರ್ ಒಂದು ಸಲಕ್ಕೆ ಲೆಕ್ಕ ಹಾಕುವ ಧ್ವನಿಯ ತುಂಡನ್ನು) 64 ಸ್ಯಾಂಪಲ್‌ಗಳಿಂದ 1024ಕ್ಕೆ ಏರಿಸಿದೆ. ಇಲ್ಲಿ ಸ್ಯಾಂಪಲ್ ಎಂದರೆ ಧ್ವನಿಮುದ್ರಿತ ತುಣುಕಲ್ಲ, ಅಲೆಯ ಒಂದೊಂದು ಅಳತೆ. ಪ್ಲಗಿನ್‌ನ ಒಂದು ಸೆಟ್ಟಿಂಗನ್ನೂ ಮುಟ್ಟಿರಲಿಲ್ಲ, ಆದರೂ ಕಿಕ್‌ನ ತುದಿ ಮೊಂಡಾಗಿ, ಏಟಿನ ಜಾಗದಲ್ಲಿ ‘ಡೊಂಯ್’ ಎಂಬಂಥ ಸದ್ದು ಬರತೊಡಗಿತು.

ಕಾರಣ ಕಂಡದ್ದು ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿದಾಗ. ಆ ಪ್ಲಗಿನ್ ಪಿಚ್ ಎನ್ವಲಪ್‌ನ ಬೆಲೆಯನ್ನು ಬಫರಿಗೊಮ್ಮೆ ಮಾತ್ರ ಲೆಕ್ಕ ಹಾಕುತ್ತಿತ್ತು. 48,000 ಹರ್ಟ್ಸ್ ಸ್ಯಾಂಪಲ್ ದರದಲ್ಲಿ 60 ಮಿಲಿಸೆಕೆಂಡ್ ಎಂದರೆ 2,880 ಸ್ಯಾಂಪಲ್‌ಗಳು. ಬಫರ್ 64 ಇದ್ದಾಗ ಪಿಚ್ 45 ಮೆಟ್ಟಿಲುಗಳಲ್ಲಿ ಇಳಿಯುತ್ತದೆ, ಕಿವಿಗೆ ಅದು ನುಣುಪಾದ ಜಾರುವಿಕೆಯಂತೆಯೇ ಕೇಳುತ್ತದೆ. ಬಫರ್ 1024 ಆದಾಗ ಮೂರೇ ಮೆಟ್ಟಿಲುಗಳು, ಒಂದೊಂದೂ 21 ಮಿಲಿಸೆಕೆಂಡ್ ಅಗಲ. ಹೀಗಾಗಿ ಕೆಲಸ ಮಾಡುವಾಗ ಕೇಳಿದ ಕಿಕ್ ಒಂದು, ಬೇರೆ ಬಫರ್ ಇಟ್ಟುಕೊಂಡು ಕಡತಕ್ಕೆ ಇಳಿಸಿದಾಗ ಸಿಕ್ಕ ಕಿಕ್ ಇನ್ನೊಂದು.

ಇದಕ್ಕಿದ್ದ ಪರಿಹಾರಗಳಾವುವೂ ನನಗೆ ಒಪ್ಪಿಗೆಯಾಗಲಿಲ್ಲ. ಬಫರನ್ನು ಚಿಕ್ಕದಾಗಿಯೇ ಇಟ್ಟುಕೊಂಡರೆ ಮಿಕ್ಕ ಟ್ರ್ಯಾಕ್‌ಗಳು ಮುಗ್ಗರಿಸುತ್ತವೆ. ಕಿಕ್ಕನ್ನು ಮೊದಲೇ ಆಡಿಯೋ ಆಗಿ ಇಳಿಸಿಟ್ಟುಕೊಂಡರೆ ಅದು ಸ್ಯಾಂಪಲ್ ಆಯಿತೇ ಹೊರತು ಸಿಂಥ್ ಆಗಿ ಉಳಿಯಲಿಲ್ಲ, ಆಮೇಲೆ ಏಟಿನ ಬಿರುಸಿಗೆ ತಕ್ಕಂತೆ ಪಿಚ್ ಏರಿಳಿಸುವ ಸೌಕರ್ಯವೂ ಹೋಯಿತು. ಎಲ್ಲ ಪ್ಲಗಿನ್‌ಗಳೂ ಹೀಗೆಯೇ ಇರುತ್ತವೆಂದಲ್ಲ, ಸ್ಯಾಂಪಲ್ ಸ್ಯಾಂಪಲ್‌ಗೂ ಲೆಕ್ಕ ಹಾಕುವಂಥವೂ ಇವೆ. ಆದರೆ ಕೊಳ್ಳುವವರ ಕಣ್ಣಿಗೆ ಬೀಳುವ ವಿವರಗಳ ಪಟ್ಟಿಯಲ್ಲಿ ಈ ಸಂಗತಿ ಇರಲಿಲ್ಲ. ಪ್ರಾಯೋಗಿಕ ಪ್ರತಿ ಸಿಗುವ ಕಡೆ ಬಫರನ್ನು ಎರಡು ತುದಿಗಳಲ್ಲಿಟ್ಟು ಒಂದೇ ಕಿಕ್ಕನ್ನು ಕೇಳಿ ನೋಡುವುದು ಒಳ್ಳೆಯದು.

ಪ್ಯೂರ್ ಡೇಟಾದಲ್ಲಿ ಬಫರಿನ ಈ ಕಾಟ ಇಲ್ಲ, ಏಕೆಂದರೆ ಹೊರಗಿನ ಬಫರ್ ಎಷ್ಟೇ ಇರಲಿ, ಒಳಗಿನ ಲೆಕ್ಕ ವಾಡಿಕೆಯಂತೆ 64 ಸ್ಯಾಂಪಲ್‌ಗಳ ತುಂಡುಗಳಲ್ಲೇ ಸಾಗುತ್ತದೆ. ಅಲ್ಲಿಯ ‘ಲೈನ್’ ಆಬ್ಜೆಕ್ಟ್ (ಬೆಲೆಯನ್ನು ನೇರ ಗೆರೆಯಲ್ಲಿ ಏರಿಳಿಸುವ ಪೆಟ್ಟಿಗೆ) ತುಂಡಿನ ಅಂಚಿಗೆ ಕಾಯುತ್ತದೆ, ‘ವಿಲೈನ್’ ಕಾಯದೆ ಸರಿಯಾದ ಕ್ಷಣದಲ್ಲೇ ಹೊರಡುತ್ತದೆ. ಡ್ರಮ್ ಎನ್ವಲಪ್‌ಗೆ ಎರಡನೆಯದನ್ನೇ ಬಳಸಬೇಕು. ಆದರೆ ಅಲ್ಲಿ ಆಸಿಲೇಟರ್ (ಅಲೆಯನ್ನು ಹುಟ್ಟಿಸುವ ಪೆಟ್ಟಿಗೆ) ನಿಲ್ಲದೆ ಓಡುತ್ತಲೇ ಇರುತ್ತದೆ. ಏಟು ಬಿದ್ದಾಗ ಅಲೆ ಎಲ್ಲಿದೆಯೋ ಅಲ್ಲಿಂದಲೇ ಕಿಕ್ ಶುರುವಾಗುವುದರಿಂದ ಒಂದು ಏಟು ಮೆತ್ತಗೆ, ಮುಂದಿನದು ‘ಟಕ್’ ಎಂದು ಕೇಳಿಸುತ್ತದೆ. ಅಲೆಯನ್ನು ಮೊದಲಿಗೆ ತರುವ ಸಂದೇಶ ಕಳಿಸಬಹುದಾದರೂ ಅದು ಮತ್ತೆ ತುಂಡಿನ ಅಂಚಿಗೇ ಕಾಯುತ್ತದೆ.

ಇದನ್ನು ದಾಟಲು ಆಸಿಲೇಟರನ್ನೇ ಬಿಟ್ಟು ‘ಕಾಸ್’ (ಕೊಸೈನ್) ಆಬ್ಜೆಕ್ಟ್‌ಗೆ ಅಲೆಯ ಸ್ಥಾನವನ್ನು ನೇರವಾಗಿ ಉಣಿಸಬೇಕು. ಒಂದು ವಿಲೈನ್ ಸೆಕೆಂಡಿಗೆ 50 ಸುತ್ತಿನಂತೆ ಏರುತ್ತಾ ಹೋಗಲಿ. ಇನ್ನೊಂದು 60 ಮಿಲಿಸೆಕೆಂಡ್‌ಗಳಲ್ಲಿ 1ರಿಂದ 0ಗೆ ಇಳಿಯಲಿ. ಎರಡನೆಯದರ ನಾಲ್ಕನೇ ಘಾತವನ್ನು 3ರಿಂದ ಗುಣಿಸಿ ಮೊದಲನೆಯದರಿಂದ ಕಳೆದರೆ, ಪಿಚ್ 250 ಹರ್ಟ್ಸ್‌ನಲ್ಲಿ ಹೊರಟು 50ಕ್ಕೆ ಬಂದು ನಿಲ್ಲುತ್ತದೆ. ಅದರಿಂದ ಕಾಲು ಸುತ್ತು ಕಳೆದರೆ ಅಲೆ ಸೊನ್ನೆಯಿಂದ ಏಳುತ್ತದೆ, ಕಳೆಯದಿದ್ದರೆ ತುತ್ತತುದಿಯಿಂದ ಶುರುವಾಗಿ ಟಕ್ ಎನ್ನುತ್ತದೆ. ಎರಡೂ ಬೇರೆ ಬೇರೆ ಸಂದರ್ಭಗಳಲ್ಲಿ ಬೇಕಾದ ಧ್ವನಿಗಳೇ. ಕಲಿಕೆಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗದು, ಆದರೆ ಪ್ರತಿ ಡ್ರಮ್‌ಗೂ ತಂತಿಗಳನ್ನು ಹೀಗೆ ಎಳೆಯುತ್ತ ಕೂರುವ ತಾಳ್ಮೆ ನನ್ನಲ್ಲಿಲ್ಲ.

ಸೂಪರ್‌ಕೊಲೈಡರ್‌ನಲ್ಲಿ ಅಲೆ ಎಲ್ಲಿಂದ ಶುರುವಾಗುತ್ತದೆ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಪ್ರತಿ ಏಟಿಗೂ ಅಲ್ಲಿ ಹೊಸದೊಂದು ಸಿಂಥ್ ಹುಟ್ಟುತ್ತದೆ, ಹಾಗೆಂದು ಬರೆದಿಟ್ಟರೆ ಸದ್ದು ಅಡಗಿದ ಮೇಲೆ ತಾನೇ ಅಳಿಯುತ್ತದೆ. ಸೈನ್ ಅಲೆ ಪ್ರತಿ ಸಲವೂ ಸೊನ್ನೆಯಿಂದಲೇ ಏಳುತ್ತದೆ, ಹಿಂದಿನ ಏಟಿನ ಬಾಲ ಮುಂದಿನದಕ್ಕೆ ಅಡ್ಡ ಬರುವುದಿಲ್ಲ. ಇಲ್ಲೂ ಎರಡು ದರಗಳಿವೆ: ‘ಕೆಆರ್’ ಎಂದು ಬರೆದರೆ 64 ಸ್ಯಾಂಪಲ್‌ಗೊಂದು ಬೆಲೆ, ‘ಎಆರ್’ ಎಂದರೆ ಪ್ರತಿ ಸ್ಯಾಂಪಲ್‌ಗೂ ಒಂದು. ಪ್ಲಗಿನ್‌ನಲ್ಲಿ ನನ್ನಿಂದ ಮುಚ್ಚಿಟ್ಟಿದ್ದ ಆಯ್ಕೆ ಇಲ್ಲಿ ಎರಡಕ್ಷರಗಳಲ್ಲಿ ನನ್ನ ಕೈಯಲ್ಲೇ ಇದೆ. ಪಿಚ್‌ನ ಇಳಿತವನ್ನು ನಾನು ಯಾವಾಗಲೂ ಎಆರ್‌ನಲ್ಲೇ ಬರೆಯುತ್ತೇನೆ. ಪ್ಯಾಟರ್ನ್‌ಗಳಿಂದ (ಬರೆದಿಟ್ಟ ಏಟುಗಳ ಸರಣಿಗಳಿಂದ) ನುಡಿಸುವಾಗ, ಧ್ವನಿಯನ್ನು ಹೊರಗೆ ಕಳಿಸುವ ‘ಔಟ್’ ಬದಲು ‘ಆಫ್‌ಸೆಟ್‌ಔಟ್’ ಹಾಕಿದರೆ ಏಟು ತುಂಡಿನ ಅಂಚಿಗೆ ಕಾಯದೆ ತನ್ನ ಸ್ಯಾಂಪಲ್‌ನಲ್ಲೇ ಬೀಳುತ್ತದೆ. ‘ಪರ್ಕ್’ ಎನ್ವಲಪ್‌ನ ಅಟ್ಯಾಕ್ (ಸದ್ದು ತುದಿಗೇರಲು ಹಿಡಿಯುವ ಹೊತ್ತು) ಹೇಳದೆ ಬಿಟ್ಟರೆ 10 ಮಿಲಿಸೆಕೆಂಡ್ ಆಗಿರುತ್ತದೆ, ಕಿಕ್‌ಗೆ ಅದು ಹೆಚ್ಚು. ಒಂದಕ್ಕೆ ಇಳಿಸಿದರೆ ಏಟು ಚುರುಕಾಗುತ್ತದೆ.

ಏಟಿನ ಬಿರುಸನ್ನು ಸದ್ದಿಗಷ್ಟೇ ಅಲ್ಲ, ಆರಂಭದ ಪಿಚ್‌ಗೂ ಇಳಿತದ ವೇಗಕ್ಕೂ ಹಂಚುವುದು ಇಲ್ಲಿ ಒಂದು ಗುಣಾಕಾರದ ಮಾತು. ಜೊತೆಗೆ ಪಿಚ್‌ಗೆ ಏಟಿಗೊಂದರಂತೆ ಚೂರು ಯಾದೃಚ್ಛಿಕ ವ್ಯತ್ಯಾಸ ಸೇರಿಸಿದರೆ ಯಂತ್ರದ ಬಿಗುವು ಸಡಿಲುತ್ತದೆ. ಪ್ಲಗಿನ್‌ನಲ್ಲೂ ವ್ಯತ್ಯಾಸ ಇತ್ತು, ಆದರೆ ಅದು ನಾನು ಕೇಳಿ ಪಡೆದದ್ದಲ್ಲ.

ಸ್ನೇರ್ ಡ್ರಮ್‌ನ ನಾಯ್ಸ್ (ಗರಗರ ಸದ್ದಿನ) ಭಾಗದಲ್ಲಿ ಮೂರರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. 1980ರ ಡ್ರಮ್ ಯಂತ್ರ ಟಿಆರ್-808ರಂತೆ ಆರು ಚೌಕ ಅಲೆಗಳನ್ನು ಬೆರೆಸಿ ಹೈಹ್ಯಾಟ್ (ಜೋಡಿ ತಾಳದ ಸದ್ದು) ಮಾಡುವುದಕ್ಕೆ ಸೂಪರ್‌ಕೊಲೈಡರ್‌ನಲ್ಲಿ ಆರು ಅಂಕಿಗಳ ಒಂದು ಪಟ್ಟಿ ಸಾಕು. ಆದರೆ ಮುಚ್ಚಿದ ಹೈಹ್ಯಾಟ್ ಬಿದ್ದೊಡನೆ ತೆರೆದದ್ದು ನಿಲ್ಲಬೇಕೆಂದರೆ ಸ್ವಂತ ಏರ್ಪಾಡು ಮಾಡಿಕೊಳ್ಳಬೇಕು, ಪ್ಲಗಿನ್‌ನಲ್ಲಿ ಅದಕ್ಕೊಂದು ಗುಂಡಿಯಿದೆ. ಸೂಪರ್‌ಕೊಲೈಡರ್‌ನ ದೋಷ ಸಂದೇಶಗಳು ಉದ್ದ, ಉಪಯೋಗ ಕಡಿಮೆ. ಕಣ್ಣಿಗೆ ಹಬ್ಬವಾಗುವಂಥದ್ದು ಅಲ್ಲಿ ಏನೂ ಇಲ್ಲ.

ನನಗೆ ಮೌಸ್‌ಗಿಂತ ಕೀಲಿಮಣೆ ಬೇಗ ಒಗ್ಗುತ್ತದೆ, ಹಳೆಯ ಕಿಕ್‌ಗಳನ್ನು ಬರಹವಾಗಿ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸುವ ಅಭ್ಯಾಸವೂ ಇದೆ. ಹಾಗಾಗಿ ನನ್ನ ಆಯ್ಕೆ ಎಲ್ಲರಿಗೂ ಹೊಂದಬೇಕಾಗಿಲ್ಲ. ವೇದಿಕೆಯ ಮೇಲೆ ನಾಬ್ ತಿರುಗಿಸುತ್ತಾ ನುಡಿಸುವವರು ಬಫರನ್ನು ಚಿಕ್ಕದಾಗಿಯೇ ಇಟ್ಟುಕೊಳ್ಳುವುದರಿಂದ ಅವರಿಗೆ ಪ್ಲಗಿನ್‌ನಲ್ಲಿ ಕೊರತೆ ಕಾಣದಿರಬಹುದು. ಪ್ಲಗಿನ್ನನ್ನು ನಾನಿನ್ನೂ ತೆಗೆದುಹಾಕಿಲ್ಲ. ಎನ್ವಲಪ್‌ನ ಬಾಗನ್ನು ಕಣ್ಣಳತೆಯಲ್ಲಿ ಹುಡುಕಿಕೊಂಡು, ಸಿಕ್ಕ ಅಂಕಿಗಳನ್ನು ಸೂಪರ್‌ಕೊಲೈಡರ್‌ಗೆ ಬರೆದುಕೊಳ್ಳುವುದಕ್ಕೆ ಅದು ಒದಗುತ್ತದೆ. ಮುಂದಿನ ಆವೃತ್ತಿಗೆ ಮತ್ತೆ ಹಣ ಕೇಳಿದರೆ ಮಾತ್ರ ಕೊಡುವವನಲ್ಲ.