ಒಂದೇ 407, ತುಕ್ಕಿಗೆ ಮೂರು ಮದ್ದು

ನನ್ನ ಸಣ್ಣ ಲಾರಿ, ಟಾಟಾ 407, 2006ರ ಮಾಡೆಲ್. ಮಲ್ಪೆಯಿಂದ ಮೀನು ಹೇರಿಕೊಂಡು ಘಟ್ಟ ಹತ್ತುವುದೇ ಅದರ ಕೆಲಸ. ಎಂಜಿನ್ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಆಯಿಲ್, ಫಿಲ್ಟರ್ ಹೊತ್ತಿಗೆ ಸರಿಯಾಗಿ ಬದಲಿಸಿದರೆ ಸುಮ್ನೆ ದುಡಿಯುತ್ತದೆ. ಗಾಡಿಯನ್ನು ತಿನ್ನುವುದು ತುಕ್ಕು. ಕಡಲ ಗಾಳಿ, ನಾಲ್ಕು ತಿಂಗಳ ಮಳೆ, ಇವೆರಡೂ ಸಾಲದು ಅಂತ ಮೀನಿನ ಪೆಟ್ಟಿಗೆಯಿಂದ ಸೋರುವ ಉಪ್ಪು ನೀರು. ಉಪ್ಪು ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಬಿಸಿಲು ಬಂದರೂ ಚಾಸಿಸ್, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು, ಪೂರ್ತಿ ಒಣಗುವುದಿಲ್ಲ.

ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವಾಗ ಚಾಸಿಸ್ ಕರ್ರಗೆ ಮಿಂಚುತ್ತಿತ್ತು. ನನಗೆ ಖುಷಿಯಾಯಿತು. ಜೊತೆಗೆ ಬಂದಿದ್ದ ಟಿಂಕರಿಂಗ್ ಮೇಸ್ತ್ರಿಗೆ ಆಗಲಿಲ್ಲ. ಸಣ್ಣ ಸುತ್ತಿಗೆ ಹಿಡಿದು ಗಾಡಿಯ ಅಡಿಗೆ ನುಗ್ಗಿದರು. ಗಟ್ಟಿ ಕಬ್ಬಿಣಕ್ಕೆ ಬಡಿದರೆ ಠಣ್ ಅನ್ನುತ್ತದೆ, ತುಕ್ಕು ತಿಂದ ಕಡೆ ಡಬ್ ಅನ್ನುತ್ತದೆ. ಎರಡು ಕಡೆ ಡಬ್ ಅಂತು. ಆಮೇಲೆ ಕ್ಯಾಬಿನ್ನಿನ ರಬ್ಬರ್ ಮ್ಯಾಟ್ ಎತ್ತಿ ನೋಡಿದರು, ಬಾಗಿಲಿನ ಕೆಳಭಾಗಕ್ಕೆ ಮ್ಯಾಗ್ನೆಟ್ ಹಿಡಿದರು. ದಪ್ಪಗೆ ಪುಟ್ಟಿ ತುಂಬಿದ ಕಡೆ ಅದು ಕಚ್ಚಿಕೊಳ್ಳುವುದಿಲ್ಲ. ಚಾಸಿಸ್ ನಂಬರ್ ಓದಲು ಬರುತ್ತದಾ ಅಂತಲೂ ನೋಡಿದರು. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು, ಆ ನಂಬರ್ ಅಳಿಸಿ ಹೋಗಿದ್ದರೆ ಅಲ್ಲಿ ತಾಪತ್ರಯ. ಕೊನೆಗೆ ರೇಟು ಇಳಿಸಿಕೊಂಡು ಕೊಂಡೆ.

ತುಕ್ಕಿಗೆ ಏನು ಮಾಡಲಿ ಅಂತ ಮೂರು ಜನರನ್ನು ಕೇಳಿದೆ. ಮೂವರೂ ಬೇರೆ ಬೇರೆ ಮದ್ದು ಹೇಳಿದರು. ಸರಿ, ಮೂರನ್ನೂ ನೋಡೋಣ ಅಂತ ಏಪ್ರಿಲ್‌ನಲ್ಲಿ ಅಡಿಭಾಗ ಪೂರ್ತಿ ತೊಳೆಸಿ, ತಂತಿ ಬ್ರಷ್‌ನಿಂದ ಉಜ್ಜಿ, ಒಣಗಿಸಿದೆ. ಚಾಸಿಸ್‌ನ ಎಡಗಡೆಯ ಉದ್ದ ತೊಲೆಗೆ, ಅಂದರೆ ಚಾನೆಲ್‌ಗೆ, ಡಾಂಬರಿನಂಥ ಅಂಡರ್‌ಬಾಡಿ ಕೋಟಿಂಗ್. ಬಲಗಡೆಗೆ ರೆಡ್ ಆಕ್ಸೈಡ್, ಅದರ ಮೇಲೆ ಎರಡು ಕೋಟು ಕರಿ ಎನಾಮೆಲ್. ಎರಡು ಚಾನೆಲ್‌ಗಳನ್ನು ಅಡ್ಡಕ್ಕೆ ಜೋಡಿಸುವ ಹಿಂದಿನ ಕ್ರಾಸ್ ಮೆಂಬರ್‌ಗಳಿಗೆ ಎಂಜಿನ್‌ನಿಂದ ಇಳಿಸಿದ ಹಳೆ ಆಯಿಲ್.

ಮೊದಲ ಮಳೆಗಾಲದಲ್ಲಿ ಡಾಂಬರಿನದ್ದೇ ಜಯ. ಕಲ್ಲು ಸಿಡಿದರೂ ಗೀರು ಬೀಳಲಿಲ್ಲ. ಇನ್ನೊಂದು ಕಡೆಗೂ ಇದನ್ನೇ ಬಳಿಯಬೇಕಿತ್ತು ಅಂದುಕೊಂಡೆ. ಎರಡನೆಯ ಮಳೆಗಾಲ ಮುಗಿದ ಮೇಲೆ ಹಿಂದಿನ ಚಕ್ರದ ಹತ್ತಿರ ಸ್ಕ್ರೂಡ್ರೈವರ್ ಚುಚ್ಚಿದೆ. ಕಾವಲಿಯಿಂದ ದೋಸೆ ಎದ್ದ ಹಾಗೆ ಹಾಳೆಯೇ ಎದ್ದು ಬಂತು. ಅಡಿಯಲ್ಲಿ ಒದ್ದೆ ಒದ್ದೆ ಕೆಂಪು ಚಕ್ಕೆ. ಎಲ್ಲೋ ಒಂದು ಸಣ್ಣ ಬಿರುಕಿನಿಂದ ಉಪ್ಪು ನೀರು ಒಳಗೆ ಹೋಗಿದೆ, ಹೊರಗೆ ಬರಲು ದಾರಿ ಇಲ್ಲ. ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಇತ್ತು. ನನಗೆ ಸಿಟ್ಟು ಬಂದದ್ದು ಅದಕ್ಕೇ. ಒಂದು ಮಾತು ಹೇಳಲೇಬೇಕು: ಪೆಟ್ಟಿಗೆಯ ನೀರು ಬೀಳುವ ಪೈಪ್ ಇದ್ದದ್ದೂ ಎಡಗಡೆಗೇ. ಹಾಗಾಗಿ ಪಂದ್ಯ ಪೂರ್ತಿ ಸಮ ಅಲ್ಲ.

ಬಲಗಡೆಯ ಪೇಂಟ್ ಮೊದಲ ಮಳೆಗಾಲದಲ್ಲೇ ಅಲ್ಲಲ್ಲಿ ಎದ್ದಿತು, ಮುಂದಿನ ಚಕ್ರದ ಹಿಂದೆ ಜಾಸ್ತಿ. ಆದರೆ ಎದ್ದದ್ದು ಕಣ್ಣಿಗೆ ಕಾಣುತ್ತದೆ. ಕೆರೆದು, ಒಣಗಿಸಿ, ಮತ್ತೆ ಬಳಿದರೆ ಆಯಿತು. ಚಾನೆಲ್ಲಿನ ಕೆಳಗಿನ ಮಡಿಕೆಯಲ್ಲಿ ಕೆಸರು ಕೂರುತ್ತದೆ, ಅಲ್ಲಿ ಬೆರಳು ಹಾಕಿ ತೆಗೆಯಬೇಕು. ಬರೀ ರೆಡ್ ಆಕ್ಸೈಡ್ ಹೊಡೆದು ಬಿಡುವವರಿದ್ದಾರೆ. ಅದು ಪ್ರೈಮರ್, ನೀರು ಕುಡಿಯುತ್ತದೆ. ಮೇಲೊಂದು ಪೇಂಟ್ ಬೇಕೇ ಬೇಕು.

ಹಳೆ ಆಯಿಲ್ ಒಂದು ಜಾಗದಲ್ಲಿ ಇವೆರಡನ್ನೂ ಸೋಲಿಸಿತು. ರಿವೆಟ್ ಹೊಡೆದ ಎರಡು ಪ್ಲೇಟುಗಳ ನಡುವಿನ ಸಂದಿಯಲ್ಲಿ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ, ಸಂದಿಯಲ್ಲಿ ಉಬ್ಬಿ ಪ್ಲೇಟನ್ನೇ ಅಗಲಿಸುತ್ತದೆ. ಬ್ರಷ್ಷಿನ ಪೇಂಟ್ ಅಲ್ಲಿಗೆ ಹೋಗುವುದಿಲ್ಲ, ತೆಳು ಎಣ್ಣೆ ಹೋಗುತ್ತದೆ. ಆದರೂ ಇನ್ನು ಆಯಿಲ್ ಬಳಿಯುವುದಿಲ್ಲ. ಎರಡೇ ತಿಂಗಳಲ್ಲಿ ಮಳೆಗೆ ತೊಳೆದು ಹೋಯಿತು. ರಬ್ಬರ್ ಬುಷ್ ಕೆಡಿಸುತ್ತದೆ, ಬ್ರೇಕ್ ಲೈನರ್‌ಗೆ ತಾಗಿದರೆ ಕಥೆ ಮುಗಿಯಿತು. ಅಂಗಳದಲ್ಲಿ ಬಿದ್ದ ಕರಿ ಕಲೆ ನೋಡಿದ ಮನೆಯವಳು ಬಾವಿಯ ಕಡೆ ಕೈ ತೋರಿಸಿದಳು. ಅವಳು ಹೇಳಿದ್ದು ಸರಿ.

ಈಗ ಸಂದಿಗಳಿಗೆ, ಬಾಗಿಲ ಒಳಗೆ ಮೇಣದ ಸ್ಪ್ರೇ ಹೊಡೆಯುತ್ತೇನೆ. ಎಣ್ಣೆಯ ಹಾಗೆ ಒಳಗೆ ಹರಿದು ಆಮೇಲೆ ಗಟ್ಟಿಯಾಗುತ್ತದೆ. ದುಬಾರಿ, ಇಡೀ ಚಾಸಿಸ್‌ಗೆ ಅಂದರೆ ನನ್ನ ಕೈಲಾಗದು. ಉಳಿದ ಕಡೆಗೆಲ್ಲ ಪೇಂಟೇ. ಬಾಗಿಲಿನ ಅಡಿಯ ನೀರು ಇಳಿಯುವ ತೂತಿಗೂ ಆಗಾಗ ಕಡ್ಡಿ ಹಾಕಿ ಬಿಡಿಸುತ್ತೇನೆ.

ಮೊನ್ನೆ ಮೇಸ್ತ್ರಿ ಬಂದು ಅಡಿಗೆ ಬಗ್ಗಿ ನೋಡಿದರು. ಮೂರು ಮದ್ದಿನ ಬಗ್ಗೆ ಏನೂ ಕೇಳಲಿಲ್ಲ. "ಆ ಪೈಪಿನ ನೀರು ಚಾಸಿಸ್ ಮೇಲೇ ಯಾಕೆ ಬೀಳ್ತಾ ಉಂಟು ಮಾರಾಯ್ರೆ?" ಅಂದರು. ಎರಡು ವರ್ಷ ನನಗೆ ಹೊಳೆದಿರಲಿಲ್ಲ. ಮೂರು ಅಡಿ ಹೋಸ್ ಹಾಕಿ, ರಸ್ತೆಗೂ ಬೀಳದ ಹಾಗೆ ಕೆಳಗೊಂದು ಸಣ್ಣ ಟ್ಯಾಂಕ್ ಕಟ್ಟಿದೆವು. ಲೋಡ್ ಇಳಿಸಿ ಬಂದ ದಿನ ಬಾವಿ ನೀರಿನಲ್ಲಿ ಅಡಿಭಾಗ ತೊಳೆಯುತ್ತೇನೆ. ಎಡಗಡೆಯ ಡಾಂಬರು ಕೆರೆಯುವ ಕೆಲಸ ನಡೆದಿದೆ. ಇನ್ನೂ ಅರ್ಧ ಬಾಕಿ.