ಫಾಂಟೇನ್‌ಬ್ಲೋದಲ್ಲಿ ಎಲ್ಲಿ ನಡೆಯಬೇಕು? ನಾಲ್ಕು ದಾರಿ, ನನ್ನ ಮತ ಗೋಪುರಕ್ಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ದೆನೆಕೂರ್ ಗೋಪುರದ ದಾರಿಗೆ. ಪ್ಯಾರಿಸ್ ಹತ್ತಿರದ ಫಾಂಟೇನ್‌ಬ್ಲೋ ಊರಿನ ಸುತ್ತ ಸಲೀಸಾಗಿ ನಡೆಯಬಹುದಾದ ನಾಲ್ಕು ಕಡೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೇನೆ: ಅರಮನೆಯ ಉದ್ಯಾನ, ಫ್ರಾಂಶಾರ್ ಕಮರಿ, ಬಾರ್ಬಿಝೋನ್ ಪಕ್ಕದ ಅಪ್ರಮೋಂ ಕಮರಿ, ಮತ್ತೆ ಈ ಗೋಪುರ. ಯಾವುದೂ ಕೆಟ್ಟದ್ದಲ್ಲ. ಆದರೆ ನಮ್ಮ ಹತ್ತಿರ ಕಾರಿಲ್ಲ, ಅಮ್ಮನಿಗೆ ಮಂಡಿ ನೋವು, ಸಂಜೆ ಅಡುಗೆ ಹೊತ್ತಿಗೆ ಪ್ಯಾರಿಸ್‌ನ ಮನೆ ಸೇರಬೇಕು. ಈ ಮೂರಕ್ಕೂ ಹೊಂದಿದ್ದು ಗೋಪುರದ ದಾರಿ ಒಂದೇ.

ಪ್ಯಾರಿಸ್‌ನ ಗಾರ್ ದ ಲಿಯೋನ್ ನಿಲ್ದಾಣದಿಂದ ಆರ್ ಲೈನಿನ ರೈಲು ಹತ್ತಿದರೆ ಸುಮಾರು 40 ನಿಮಿಷ. ಮೊದಲು ದೂರ ಜಾಸ್ತಿಯಾದ ಹಾಗೆ ಟಿಕೆಟ್ ದರವೂ ಜಾಸ್ತಿಯಾಗುತ್ತಿತ್ತು. 2025ರ ಜನವರಿಯಲ್ಲಿ ಪ್ಯಾರಿಸ್ ಪ್ರಾಂತ್ಯದ ರೈಲಿಗೆಲ್ಲ 2.50 ಯೂರೋದ ಒಂದೇ ದರ ಬಂತು. ತಿಂಗಳ ಪಾಸ್ ಇದ್ದವರಿಗೆ ಅದೂ ಇಲ್ಲ. ಹಾಗಾಗಿ ಖರ್ಚೆಲ್ಲ ಶುರುವಾಗುವುದು ರೈಲು ಇಳಿದ ಮೇಲೆ. ನಿಲ್ದಾಣ ಇರುವುದು ಪಕ್ಕದ ಆವೋನ್ ಊರಿನಲ್ಲಿ. ಅರಮನೆಗೆ ಹೋಗಬೇಕಾದರೆ ಬಸ್ ಹತ್ತಬೇಕು, ಇಲ್ಲವೇ ಅರ್ಧ ಗಂಟೆಗೂ ಜಾಸ್ತಿ ಮನೆಗಳ ನಡುವೆ ನಡೆಯಬೇಕು. ಕಾಡಿಗೆ ಹೋಗುವವರಿಗೆ ಬಸ್ಸೇ ಬೇಡ. ನಿಲ್ದಾಣದ ಬೆನ್ನಿಗೇ ಕಾಡು.

ಅರಮನೆಯ ಉದ್ಯಾನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಮತಟ್ಟು ನೆಲ, ಒಳಗೆ ಹೋಗಲು ದುಡ್ಡಿಲ್ಲ, ಕೂರಲು ಬೆಂಚು. ದೊರೆ ನಾಲ್ಕನೇ ಹೆನ್ರಿ 1606ರಿಂದ 1609ರವರೆಗೆ ತೋಡಿಸಿದ 1.2 ಕಿಲೋಮೀಟರ್ ಉದ್ದದ ಕಾಲುವೆಯ ದಡದಲ್ಲಿ ಹೋಗಿ ಬಂದರೆ ಬೆಳಗಿನ ವಾಕಿಂಗ್ ಮುಗಿಯಿತು. 1814ರ ಏಪ್ರಿಲ್ 20ರಂದು ನೆಪೋಲಿಯನ್ ತನ್ನ ಸೈನಿಕರಿಗೆ ವಿದಾಯ ಹೇಳಿದ್ದು ಇಲ್ಲಿನ ಕುದುರೆ ಲಾಳದ ಆಕಾರದ ಮೆಟ್ಟಿಲ ಮುಂದಿನ ಅಂಗಳದಲ್ಲಿ. ತಳ್ಳುಗಾಡಿಯ ಮಗು ಇದ್ದರೆ ಬೇರೆ ಯೋಚನೆ ಬೇಡ, ಇಲ್ಲಿಗೇ ಹೋಗಿ. ಕಾಡು ನೋಡಬೇಕು ಅಂತ ಬಂದವರಿಗೆ ಮಾತ್ರ ಇದು ಸಾಲುವುದಿಲ್ಲ.

ಬಾರ್ಬಿಝೋನ್ ಹಳ್ಳಿ ನನಗೆ ತುಂಬಾ ಇಷ್ಟ. 1849ರಲ್ಲಿ ಚಿತ್ರಕಾರ ಮಿಯೆ ಇಲ್ಲಿಗೆ ಬಂದು ಸಾಯುವವರೆಗೂ ಇಲ್ಲೇ ಇದ್ದ. ಅವನ ಗೆಳೆಯ ಥಿಯೋಡೋರ್ ರೂಸೋ ಕೂಡ ಇಲ್ಲೇ ಇದ್ದು ಈ ಕಾಡನ್ನೇ ಬರೆದ. ಹಳೇ ಓಕ್ ಮರ ಕಡಿದು ಪೈನ್ ನೆಡುವುದಕ್ಕೆ ಹೊರಟಾಗ ಈ ಚಿತ್ರಕಾರರು ಸುಮ್ನೆ ಕೂರಲಿಲ್ಲ. ಅವರು ದನಿ ಎತ್ತಿದ್ದಕ್ಕೇ 1861ರಲ್ಲಿ ಸಾವಿರ ಹೆಕ್ಟೇರಿಗೂ ಜಾಸ್ತಿ ಕಾಡು ಚಿತ್ರಕಾರರ ಹೆಸರಲ್ಲಿ ಉಳಿಯಿತು. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ಆಗಿದ್ದು ಅದಾದ 11 ವರ್ಷಕ್ಕೆ. ನೋಟ ಚೆಂದ ಅನ್ನುವ ಒಂದೇ ಕಾರಣಕ್ಕೆ ಕಾಡು ಉಳಿಸಿದರು ಅಂದರೆ ಸಣ್ಣ ವಿಷಯ ಅಲ್ಲ, ಅಲ್ವಾ? ಹಳ್ಳಿಯಿಂದ ಕಾಡಿಗೆ ಕಾಲಿಡುವ ಕಡೆ ಬಂಡೆಯಲ್ಲಿ ಇಬ್ಬರ ಮುಖವನ್ನೂ ಕಂಚಿನಲ್ಲಿ ಕೂರಿಸಿದ್ದಾರೆ. ಅಲ್ಲಿಂದ ಅಪ್ರಮೋಂ ಕಮರಿಗೆ ನಡೆದೇ ಹೋಗಬಹುದು. ತೊಂದರೆ ಇಷ್ಟೇ, ಹಳ್ಳಿಗೆ ರೈಲಿಲ್ಲ. ಭಾನುವಾರ ಬಸ್ ನಂಬಿಕೊಂಡರೆ ಆಗುವುದಿಲ್ಲ. ಟ್ಯಾಕ್ಸಿಗೆ ಕೊಡುವ ದುಡ್ಡಲ್ಲಿ ನಾವಿಬ್ಬರೂ ಪ್ಯಾರಿಸ್‌ನಿಂದ ಹಲವು ಸಲ ಬಂದು ಹೋಗಬಹುದು.

ಫ್ರಾಂಶಾರ್ ನೋಟದಲ್ಲಿ ನಾಲ್ಕರಲ್ಲೂ ಮುಂದು. ಸುಮಾರು 3 ಕೋಟಿ ವರ್ಷದ ಹಿಂದೆ ಇಲ್ಲೆಲ್ಲ ಸಮುದ್ರ. ಆಗ ತುಂಬಿಕೊಂಡ ಮರಳು ಗಟ್ಟಿಯಾಗಿ ಈ ಬಂಡೆಗಳಾದವು. ಗಟ್ಟಿಯಾಗದೆ ಉಳಿದ ಮರಳು ಇವತ್ತಿಗೂ ಕಾಲಡಿ ಇದೆ, ಬಿಳೀ ಅಕ್ಕಿ ಹಿಟ್ಟಿನ ಹಾಗೆ ನಯ. ಶೂ ಬಿಚ್ಚಿ ಕೊಡವದೆ ಮನೆಗೆ ಹೋಗುವ ಹಾಗಿಲ್ಲ.

ಆದರೆ ಫ್ರಾಂಶಾರ್‌ನಲ್ಲಿ ನನಗೆ ತಲೆನೋವಾಗಿದ್ದು ಮರಳಲ್ಲ, ಬಣ್ಣ.

ಈ ಕಾಡಿನಲ್ಲಿ ನಡೆಯುವವರಿಗೆ ದಾರಿ ಗುರುತು ಹಾಕಿದವನು ಕ್ಲೋಡ್ ಫ್ರಾನ್ಸ್ವಾ ದೆನೆಕೂರ್. ನೆಪೋಲಿಯನ್ನನ ಸೈನ್ಯದಲ್ಲಿದ್ದವನು. 1842ರಿಂದ ಕಾಡಿನ ದಾರಿಗಳಿಗೆ ನೀಲಿ ಬಣ್ಣದ ಗೆರೆ ಹಾಕುತ್ತಾ ಹೋದ. ಇವತ್ತಿಗೂ ಆ ದಾರಿಗಳ ಗುರುತು ನೀಲಿಯೇ: ಮರದ ಕಾಂಡದ ಮೇಲೋ ಬಂಡೆಯ ಮೇಲೋ ಒಂದು ಚಿಕ್ಕ ನೀಲಿ ಗೆರೆ, ನೋಡಲೇಬೇಕಾದ ಜಾಗದಲ್ಲಿ ಒಂದು ಅಕ್ಷರ ಇಲ್ಲವೇ ನಕ್ಷತ್ರ.

ಅವನ ಕಾಲ ಆದಮೇಲೆ ಬಂಡೆ ಹತ್ತುವವರು ಬಂದರು. ಅವರೂ ಒಂದಾದ ಮೇಲೊಂದು ಹತ್ತುವ ತಮ್ಮ ಬಂಡೆಗಳ ಸರಣಿಗಳಿಗೆ ಬಣ್ಣ ಹಚ್ಚಿದರು. ಎಷ್ಟು ಕಷ್ಟ ಅನ್ನುವುದರ ಮೇಲೆ ಬಣ್ಣ: ಹಳದಿ ಸುಲಭ, ಆಮೇಲೆ ಕಿತ್ತಳೆ, ಆಮೇಲೆ ನೀಲಿ, ಆಮೇಲೆ ಕೆಂಪು. ನೀಲಿ ಇಲ್ಲೂ ಇದೆ ನೋಡಿ! ಫ್ರಾಂಶಾರ್, ಅಪ್ರಮೋಂ ಎರಡೂ ಬಂಡೆ ಹತ್ತುವವರ ಅಚ್ಚುಮೆಚ್ಚಿನ ಜಾಗ. ನಡೆಯುವವರ ನೀಲಿ, ಹತ್ತುವವರ ನೀಲಿ ಒಂದೇ ಬಂಡೆಯ ಎರಡು ಮಗ್ಗುಲಲ್ಲಿ ಇರುತ್ತವೆ. ಜೊತೆಗೆ ದೂರದ ದಾರಿಯ ಕೆಂಪು ಬಿಳಿ ಪಟ್ಟಿ, ಹತ್ತಿರದ ದಾರಿಯ ಹಳದಿ ಪಟ್ಟಿ. ಒಂದೊಂದು ಮರ ನೋಡಿದರೆ ಯಾವ ಗೆರೆ ನಮ್ಮದು ಅಂತ ನಿಂತು ಯೋಚಿಸಬೇಕು.

ನಾವು ನೀಲಿ ನೋಡಿಕೊಂಡೇ ಹೋದೆವು. ಎರಡು ಬಂಡೆಗಳ ಸಂದಿ, ತಿರುವು, ಮತ್ತೆ ನೀಲಿ. ಆಮೇಲೆ ನನ್ನ ಎರಡಾಳೆತ್ತರದ ಬಂಡೆ ಎದುರಿಗೆ, ಮೊಣಕಾಲಿನ ಮಟ್ಟದಲ್ಲಿ ಒಂದು ನೀಲಿ ಬಾಣ, ಪಕ್ಕದಲ್ಲಿ 17 ಅನ್ನುವ ಅಂಕಿ. ಬಾಣದ ತುದಿ ಆಕಾಶದ ಕಡೆಗಿತ್ತು. "ಮಗಾ, ಇಲ್ಲಿಂದ ಮುಂದೆ ದಾರಿ ಎಲ್ಲಿ?" ಅಂದರು ಅಮ್ಮ. ಬಂದ ದಾರಿಯಲ್ಲೇ ಇಳಿಯುವಾಗ ಮರಳಿನಲ್ಲಿ ಜಾರುತ್ತಾ ಅವರ ಮಂಡಿಗೆ ಸಾಕು ಸಾಕಾಯಿತು. ಸಲೀಸು ದಾರಿ ಅಂತ ಬಂದವರಿಗೆ ಹೀಗಾಗಬಾರದು.

ಆಮೇಲಿಂದ ನನ್ನ ಲೆಕ್ಕ ಹೀಗೆ: ಬಂಡೆಯ ಮೇಲೆ ಬಾಣ, ಅಂಕಿ ಎರಡೂ ಜೊತೆಗಿದ್ದರೆ ಅದು ಹತ್ತುವವರದ್ದು. ಬರೀ ಗೆರೆ ಇದ್ದರೆ ನಮ್ಮದು. ಅನುಮಾನ ಬಂದರೆ ಬಂಡೆ ಬಿಟ್ಟು ಮರ ನೋಡಬೇಕು, ಮರವನ್ನು ಯಾರೂ ಹತ್ತುವುದಿಲ್ಲವಲ್ಲ. ಇದರ ಜೊತೆಗೆ ಫ್ರಾನ್ಸಿನ ಸರ್ಕಾರಿ ನಕ್ಷೆ ಸಂಸ್ಥೆ ಐಜಿಎನ್‌ನ 2417 ಓಟಿ ನಂಬರಿನ ಕಾಗದದ ನಕ್ಷೆ ಕೊಂಡೆ. ಒಂದು ಸೆಂಟಿಮೀಟರಿಗೆ 250 ಮೀಟರ್. ಕಾಡೊಳಗಿನ ಕೂಡುದಾರಿಗಳಿಗೆಲ್ಲ ಹೆಸರಿದೆ, ಅಲ್ಲಿ ಹಲಗೆಯೂ ಇದೆ. ಹಲಗೆಯ ಹೆಸರನ್ನು ನಕ್ಷೆಯಲ್ಲಿ ಹುಡುಕಿದರೆ ನಿಂತ ಜಾಗ ತಕ್ಷಣ ಗೊತ್ತಾಗುತ್ತದೆ. ಈ ಕಾಡಿಗಾಗಿ ನಾನು ಕೊಂಡ ವಸ್ತುಗಳಲ್ಲಿ ಶೂಗಿಂತ ಉಪಯೋಗಕ್ಕೆ ಬಂದದ್ದು ಇದೇ.

ಗೋಪುರದ ದಾರಿಯಲ್ಲಿ ಈ ಗೊಂದಲ ಕಡಿಮೆ. ಅಲ್ಲಿ ನಾವು ನಡೆದ ಕಡೆ ಹತ್ತುವವರ ಬಾಣಗಳು ಅಷ್ಟಾಗಿ ಕಣ್ಣಿಗೆ ಬೀಳಲಿಲ್ಲ. ಗೆರೆಗಳೂ ನಿಚ್ಚಳ. 1907ರಲ್ಲಿ ಶುರುವಾದ ಕಾಡಿನ ಗೆಳೆಯರ ಸಂಘ ಇವತ್ತಿಗೂ ಈ ದಾರಿಗಳನ್ನು ನೋಡಿಕೊಳ್ಳುತ್ತಿದೆ, ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಆವೋನ್ ನಿಲ್ದಾಣದಿಂದ ನಿಧಾನ ನಡೆದರೂ ಒಂದು ಗಂಟೆ ಸಾಕು. ಏರು ಇದೆ, ಆದರೆ ಕೈ ಊರಿ ಹತ್ತುವಂಥದ್ದಲ್ಲ. ಗೋಪುರ 1850ರ ದಶಕದ್ದು, ಕಟ್ಟಿಸಿದವನು ದೆನೆಕೂರ್. ಕಲ್ಲಿನದು, ಗಿಡ್ಡ. ಮೇಲೆ ನಿಂತರೆ ಎತ್ತ ನೋಡಿದರೂ ಮರದ ತಲೆಗಳೇ. ಸರ್ಕಾರಿ ಕಾಡು ಸುಮಾರು 17,000 ಹೆಕ್ಟೇರ್ ಅಂತ ಓದಿದಾಗ ಏನೂ ಅನ್ನಿಸಿರಲಿಲ್ಲ, ಇಲ್ಲಿ ನಿಂತಾಗ ಅದು ಎಷ್ಟು ಅಂತ ತಿಳಿಯಿತು. ಅಮ್ಮ ಮೆಟ್ಟಿಲು ಹತ್ತಿ ಮೇಲೆ ಬಂದರು, ಯಾರ ಕೈಯನ್ನೂ ಹಿಡಿಯದೆ.

ಇನ್ನೊಂದು ಅನುಕೂಲ ಇದೆ. ಶನಿವಾರ, ಭಾನುವಾರ, ರಜಾದಿನಗಳ ಬೆಳಗ್ಗೆ ಪ್ಯಾರಿಸ್‌ನಿಂದ ಬರುವ ಕೆಲವು ರೈಲುಗಳು ಆವೋನ್‌ಗಿಂತ ಸ್ವಲ್ಪ ಮೊದಲು ಕಾಡಿನ ನಡುವೆಯೇ ನಿಲ್ಲುತ್ತವೆ. ಫಾಂಟೇನ್‌ಬ್ಲೋ ಫೋರೆ ಅಂತ ಆ ನಿಲುಗಡೆಯ ಹೆಸರು. ಇಳಿದರೆ ನೇರ ಕಾಡು. ಆದರೆ ಪ್ಯಾರಿಸ್‌ಗೆ ವಾಪಸ್ ಹೋಗುವ ರೈಲು ಅಲ್ಲಿ ನಿಲ್ಲುವುದಿಲ್ಲ, ಅದಕ್ಕೆ ಆವೋನ್‌ಗೇ ಬರಬೇಕು. ಹೊರಡುವ ಮುಂಚೆ ಆ ದಿನದ ವೇಳಾಪಟ್ಟಿ ನೋಡಿಕೊಳ್ಳಿ.

ಎಲ್ಲ ದಾರಿಗೂ ಸೇರಿದ ಮಾತು: ಕಾಡೊಳಗೆ ಅಂಗಡಿ ಇಲ್ಲ, ನೀರು ಹೊತ್ತುಕೊಂಡೇ ಹೋಗಿ. ಬೇಸಿಗೆಯಲ್ಲೂ ಉದ್ದ ಪ್ಯಾಂಟ್ ಹಾಕಿ, ರಕ್ತ ಹೀರುವ ಉಣ್ಣೆ ಹುಳದ ಕಾಟ ಇದೆ. ಮನೆಗೆ ಬಂದಮೇಲೆ ಮಂಡಿಯ ಹಿಂದೆ, ಕಂಕುಳಲ್ಲಿ ನೋಡಿಕೊಳ್ಳಿ.

ಕಾರಿದ್ದು, ಮಂಡಿ ಗಟ್ಟಿ ಇದ್ದರೆ ಫ್ರಾಂಶಾರ್‌ಗೆ ಹೋಗಿ, ನಕ್ಷೆ ಮರೆಯಬೇಡಿ. ಚಿತ್ರಕಲೆ ಅಂದರೆ ಇಷ್ಟ ಇದ್ದವರು ಟ್ಯಾಕ್ಸಿ ದುಡ್ಡು ಕೊಟ್ಟಾದರೂ ಬಾರ್ಬಿಝೋನ್ ನೋಡಲಿ. ನಾನಂತೂ ಊರಿಂದ ಯಾರೇ ಬರಲಿ, ಬೆಳಗ್ಗೆ ಕಾಡಿನ ನಿಲುಗಡೆಯಲ್ಲಿ ಇಳಿಸಿ, ಗೋಪುರ ಹತ್ತಿಸಿ, ಕಟ್ಟಿಕೊಂಡು ಹೋದ ಚಪಾತಿ ಪಲ್ಯ ಅಲ್ಲೇ ತಿಂದು, ಆವೋನ್‌ಗೆ ಇಳಿಯುತ್ತೇನೆ. ಕಾಲಲ್ಲಿ ಇನ್ನೂ ಶಕ್ತಿ ಉಳಿದವರಿಗೆ ಅಲ್ಲಿಂದ ಕಾಲುವೆಯ ದಡ ಹತ್ತಿರ.