ಹಣ್ಣಿನ ವಿನೆಗರ್ ಚೆನ್ನಾಗಿದೆ, ಕುತ್ತಿಗೆಗೆ ಕಟ್ಟಿದ ಚೀಟಿ ಮಾತ್ರ ಬೇಡ

ಮೊದಲೇ ಹೇಳಿಬಿಡುತ್ತೇನೆ, ವಿನೆಗರ್ ಆಗಿ ಇದು ಒಳ್ಳೆಯದೇ. ಮುಚ್ಚಳ ತೆಗೆದ ಕೂಡಲೇ ಸೇಬಿನ ವಾಸನೆ ಬರುತ್ತದೆ, ಹುಳಿ ಇದೆ ಆದರೆ ಒರಟಾಗಿಲ್ಲ. ತಳದಲ್ಲಿ ಮೋಡದ ಹಾಗೆ ಲೋಳೆ ತೇಲುತ್ತಿರುತ್ತದೆ, ಅದನ್ನು ನೋಡಿ ಹಾಳಾಗಿದೆ ಅಂತ ವಾಪಸ್ ಕಳಿಸಬೇಡಿ. ಹಣ್ಣಿನ ಸಕ್ಕರೆಯನ್ನು ಈಸ್ಟ್ ಮೊದಲು ಆಲ್ಕೋಹಾಲ್ ಮಾಡುತ್ತದೆ, ಆಮೇಲೆ ಬ್ಯಾಕ್ಟೀರಿಯಾ ಬಂದು ಅದನ್ನು ಅಸಿಟಿಕ್ ಆಮ್ಲ ಮಾಡುತ್ತವೆ, ಆ ಬ್ಯಾಕ್ಟೀರಿಯಾ ಕಟ್ಟಿಕೊಂಡ ಪೊರೆಯೇ ಆ ಲೋಳೆ. ಲೇಬಲ್ಲಿನ ಮೇಲೆ ಆಮ್ಲ 5% ಅಂತ ಇದೆ. ಹುಳಿ ಎಷ್ಟು ಅಂತ ಅಳೆಯುವ ಪಿಎಚ್ ಪಟ್ಟಿ ಮನೆಯಲ್ಲಿತ್ತು, ಅದ್ದಿ ನೋಡಿದೆ, 3ರ ಹತ್ತಿರ ಬಂತು (7 ಅಂದರೆ ಹುಳಿಯೂ ಅಲ್ಲ ಕ್ಷಾರವೂ ಅಲ್ಲ, ಅದಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ). ಇಲ್ಲಿಯವರೆಗೆ ತಕರಾರಿಲ್ಲ.

ತಕರಾರು ಇರುವುದು ಬಾಟಲಿಯ ಕುತ್ತಿಗೆಗೆ ದಾರದಲ್ಲಿ ಕಟ್ಟಿರುವ ಚೀಟಿಯ ಬಗ್ಗೆ. ‘ಕ್ಯಾನ್ಸರ್ ಕೋಶಗಳ ಮೇಲೆ ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗಿದೆ’ ಅಂತ ದೊಡ್ಡದಾಗಿ ಬರೆದು ಕೆಳಗೆ ಒಂದು ಗ್ರಾಫ್ ಹಾಕಿದ್ದಾರೆ. ನನ್ನ ಚಿಕ್ಕಮ್ಮ ಅದರ ಫೋಟೋ ತೆಗೆದು ನನಗೆ ಕಳಿಸಿದರು. ‘ನೋಡೇ, ಲ್ಯಾಬಿನಲ್ಲೇ ಪ್ರೂವ್ ಆಗಿದೆಯಂತೆ, ದಿನಾ ಎರಡು ಚಮಚ ತಗೊಳ್ತಿದ್ದೀನಿ.’ ಅವರಿಗೆ ಕೀಮೋ ನಡೆಯುತ್ತಿದೆ. ನಾನು ಕೆಲವು ವರ್ಷ ಲ್ಯಾಬಿನಲ್ಲಿ ಕೋಶ ಬೆಳೆಸುವ ಕೆಲಸ ಮಾಡಿದವಳು, ಅದಕ್ಕೇ ನಾನೂ ಒಂದು ಬಾಟಲಿ ತರಿಸಿ ಚೀಟಿಯನ್ನು ಸರಿಯಾಗಿ ಓದೋಣ ಅಂತ ಕೂತೆ.

ಕಿರಿಕಿರಿ ಏನು ಗೊತ್ತಾ? ಚೀಟಿ ಸುಳ್ಳು ಹೇಳುತ್ತಿಲ್ಲ. ಎಂಸಿಎಫ್-7 ಅನ್ನುವ ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ವಿನೆಗರ್ ಹಾಕಿದ್ದಾರೆ, ಹಾಕಿದಷ್ಟೂ ಕೋಶ ಸತ್ತಿವೆ, 10% ಹಾಕಿದಾಗ ಹೆಚ್ಚುಕಮ್ಮಿ ಎಲ್ಲವೂ ಸತ್ತಿವೆ. ಸಾಯದೆ ಇನ್ನೇನು ಮಾಡುತ್ತವೆ?

ಕೋಶ ಬೆಳೆಸಿದವರಿಗೆ ಇದು ಗೊತ್ತು. 96 ಗುಳಿಗಳ ಪ್ಲಾಸ್ಟಿಕ್ ತಟ್ಟೆ, 37 ಡಿಗ್ರಿ ಶಾಖ, 5% ಕಾರ್ಬನ್ ಡೈಆಕ್ಸೈಡ್, ಪಿಎಚ್ 7.4ರ ಆಸುಪಾಸಿನಲ್ಲಿರುವ ಕೆಂಪು ದ್ರವ. ಇಷ್ಟು ಮುದ್ದು ಮಾಡಿದರೇ ಅವು ಬದುಕುವುದು. ಆ ದ್ರವದಲ್ಲಿ ಫಿನಾಲ್ ರೆಡ್ ಅಂತ ಬಣ್ಣ ಇರುತ್ತದೆ, ಹುಳಿಯಾದರೆ ಹಳದಿಗೆ ತಿರುಗುತ್ತದೆ. ಹೊಸದಾಗಿ ಸೇರಿದವರು ಬೆಳಿಗ್ಗೆ ಬಂದು ಹಳದಿ ಗುಳಿ ನೋಡಿದರೆ ಮುಖ ಬಾಡಿಸಿಕೊಳ್ಳುತ್ತಾರೆ, ನಾನೂ ಬಾಡಿಸಿಕೊಂಡವಳೇ. ಅಂಥದ್ದಕ್ಕೆ ಪಿಎಚ್ 3ರ ವಿನೆಗರ್ ಅನ್ನು ಹತ್ತರಲ್ಲಿ ಒಂದು ಪಾಲು ಸುರಿದರೆ ಕ್ಯಾನ್ಸರ್ ಕೋಶ ಏನು, ಚರ್ಮದ ಕೋಶ, ಮೂತ್ರಪಿಂಡದ ಕೋಶ, ಎಲ್ಲವೂ ಸಾಯುತ್ತವೆ. ಬರೀ ಅಸಿಟಿಕ್ ಆಮ್ಲ ಹಾಕಿದರೂ ಸಾಯುತ್ತವೆ, ಅದರಲ್ಲಿ ಹಣ್ಣು ಇರಬೇಕಾಗಿಯೇ ಇಲ್ಲ.

ಹಾಗಾಗಿ ನಾನು ಚೀಟಿಯಲ್ಲಿ ಹುಡುಕಿದ್ದು ಒಂದೇ ವಿಷಯ. ವಿನೆಗರ್‌ನ ಹುಳಿಯನ್ನು ಮೊದಲು ಕ್ಷಾರ ಸೇರಿಸಿ 7.4ಕ್ಕೆ ತಂದು ಆಮೇಲೆ ಹಾಕಿದರಾ? ಅಥವಾ ಪಕ್ಕದ ಗುಳಿಗಳಲ್ಲಿ ಅಷ್ಟೇ ಹುಳಿಯ ಬರೀ ಅಸಿಟಿಕ್ ಆಮ್ಲ ಹಾಕಿ ಹೋಲಿಸಿದರಾ? ಎರಡೂ ಇಲ್ಲ. ಆರೋಗ್ಯವಾಗಿರುವ ಕೋಶಗಳ ಮೇಲೆ ಹಾಕಿ ನೋಡಿದ್ದೂ ಇಲ್ಲ. ಇವಿಲ್ಲದಿದ್ದರೆ ಆ ಗ್ರಾಫ್ ಹೇಳುವುದು ಹುಳಿಯಲ್ಲಿ ಕೋಶ ಸಾಯುತ್ತದೆ ಅಂತ ಅಷ್ಟೇ.

ಬದುಕಿದ ಕೋಶಗಳನ್ನು ಎಣಿಸಲು ಎಂಟಿಟಿ ಪರೀಕ್ಷೆ ಮಾಡಿದ್ದಾರೆ. 1983ರಿಂದ ಬಳಕೆಯಲ್ಲಿರುವ ಹಳೆಯ ವಿಧಾನ. ಹಳದಿ ಬಣ್ಣದ ಪುಡಿ ಕರಗಿಸಿ ಹಾಕಿದರೆ ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ, ನೇರಳೆ ಎಷ್ಟು ಗಾಢ ಅಂತ ಯಂತ್ರ ಓದುತ್ತದೆ. ಅಗ್ಗ, ಸುಲಭ, ಎಲ್ಲರೂ ಮಾಡುತ್ತಾರೆ. ಆದರೆ ಹಣ್ಣಿನ ಪದಾರ್ಥಗಳಿಗೆ ಇದು ಸ್ವಲ್ಪ ಮೋಸದ್ದು. ಹಣ್ಣಿನಲ್ಲಿರುವ ಪಾಲಿಫಿನಾಲ್ ಅನ್ನುವ ಸಸ್ಯ ರಾಸಾಯನಿಕ ಕೆಲವೊಮ್ಮೆ ಕೋಶವೇ ಇಲ್ಲದ ಗುಳಿಯಲ್ಲೂ ಅದನ್ನು ನೇರಳೆ ಮಾಡಿಬಿಡುತ್ತದೆ. ಅದೇ ಪಾಲಿಫಿನಾಲ್ ತಟ್ಟೆಯ ದ್ರವದಲ್ಲಿ ಕೆಟ್ಟು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸಿ ಕೋಶ ಕೊಲ್ಲುವುದೂ ಉಂಟು, ಆಗ ಕೊಂದದ್ದು ಹಣ್ಣೋ ಪೆರಾಕ್ಸೈಡೋ ತಿಳಿಯುವುದಿಲ್ಲ.

ಸರಿ, ಹುಳಿಯ ಮಾತು ಬಿಡೋಣ, 10% ನಿಜವಾಗಿಯೂ ಕೆಲಸ ಮಾಡುತ್ತದೆ ಅಂತಲೇ ಇಟ್ಟುಕೊಳ್ಳಿ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ, ಅದರಲ್ಲಿ 10% ಆಗಬೇಕಾದರೆ ಅರ್ಧ ಲೀಟರ್‌ಗಿಂತ ಜಾಸ್ತಿ ವಿನೆಗರ್ ನೇರ ರಕ್ತನಾಳಕ್ಕೇ ಹೋಗಬೇಕು. ಚಿಕ್ಕಮ್ಮ ಕುಡಿಯುವುದು ಎರಡು ಚಮಚ, ಅದೂ ಹೊಟ್ಟೆಗೆ. ಹೊಟ್ಟೆಯ ಆಮ್ಲವೇ ಅದಕ್ಕಿಂತ ಹುಳಿ. ಅಲ್ಲಿಂದ ಹೀರಿಕೊಂಡ ಅಸಿಟಿಕ್ ಆಮ್ಲವನ್ನು ಮೈ ಇಂಧನದ ಹಾಗೆ ಉರಿಸಿಬಿಡುತ್ತದೆ. ರಕ್ತದ ಪಿಎಚ್ 7.35ರಿಂದ 7.45ರ ಒಳಗೇ ಇರುತ್ತದೆ, ಎರಡು ಚಮಚಕ್ಕೆಲ್ಲ ಜಗ್ಗುವುದಿಲ್ಲ. ಇನ್ನು ಕೆಲವರು ವಿನೆಗರ್ ಮೈಯನ್ನು ಕ್ಷಾರ ಮಾಡಿ ಕ್ಯಾನ್ಸರ್ ಓಡಿಸುತ್ತದೆ ಅನ್ನುತ್ತಾರೆ. ಲ್ಯಾಬಿನಲ್ಲಿ ಹುಳಿಯಿಂದ ಕೊಂದದ್ದು ಮೈಯಲ್ಲಿ ಕ್ಷಾರವಾಗಿ ಕೊಲ್ಲುತ್ತದಂತೆ, ಯಾವುದಾದರೂ ಒಂದು ಹೇಳಿ ಮಾರಾಯ್ರೆ!

ವಿನೆಗರ್ ಮೇಲಿನ ಸಂಶೋಧನೆ ಪೂರ್ತಿ ಬೊಗಳೆ ಅಂತ ನಾನು ಹೇಳುತ್ತಿಲ್ಲ. ಜಪಾನಿನಲ್ಲಿ ಅಕ್ಕಿಯಿಂದ ಮಾಡುವ ಕುರೋಜು ಅನ್ನುವ ಕಪ್ಪು ವಿನೆಗರ್‌ನಿಂದ ದ್ರಾವಕ ಬಳಸಿ ಸಾರ ಬೇರ್ಪಡಿಸಿ, 2004ರಲ್ಲಿ ಕರುಳು, ಶ್ವಾಸಕೋಶ, ಸ್ತನದ ಕ್ಯಾನ್ಸರ್ ಕೋಶಗಳ ಮೇಲೆ ನೋಡಿದ್ದರು, ಬೆಳವಣಿಗೆ ತಗ್ಗಿತ್ತು. ಅದು ಬೇರ್ಪಡಿಸಿದ ಸಾರ, ಚಮಚದಲ್ಲಿ ಕುಡಿಯುವ ವಿನೆಗರ್ ಅಲ್ಲ. ತಟ್ಟೆಯಲ್ಲಿ ಗೆದ್ದದ್ದು ಮನುಷ್ಯರ ತನಕ ಬರಲು ಎಷ್ಟು ಕಾಲ ಬೇಕು ಅಂದರೆ, ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಕ್ಯಾನ್ಸರ್ ಔಷಧಿ ಸಿಕ್ಕ ಮರದ ತೊಗಟೆಯನ್ನು ಕಿತ್ತು ತಂದದ್ದು 1962ರಲ್ಲಿ, ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ಅದು ಗೆದ್ದ ಕಥೆ. ತಟ್ಟೆಯಲ್ಲಿ ಗೆದ್ದು ಆಮೇಲೆ ಕಾಣೆಯಾದವೇ ಜಾಸ್ತಿ.

ಅಂದಹಾಗೆ ವಿನೆಗರ್‌ನ ಆಮ್ಲ ನಿಜವಾಗಿ ಜೀವ ಉಳಿಸಿದ ಜಾಗ ಒಂದಿದೆ, ಚೀಟಿ ಬರೆದವರಿಗೆ ಅದು ಹೊಳೆದೇ ಇಲ್ಲ. ಗರ್ಭಕೊರಳಿಗೆ 3ರಿಂದ 5% ಅಸಿಟಿಕ್ ಆಮ್ಲ ಹಚ್ಚಿದರೆ ಕೆಟ್ಟ ಭಾಗ ಒಂದು ನಿಮಿಷದಲ್ಲಿ ಬೆಳ್ಳಗಾಗುತ್ತದೆ, ಬರಿಗಣ್ಣಿಗೇ ಕಾಣುತ್ತದೆ. ಮುಂಬೈನ ಟಾಟಾ ಮೆಮೋರಿಯಲ್‌ನವರು ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿಕೊಂಡು ನಡೆಸಿದ ಅಧ್ಯಯನದಲ್ಲಿ ಈ ತಪಾಸಣೆಯಿಂದ ಗರ್ಭಕೊರಳಿನ ಕ್ಯಾನ್ಸರ್ ಸಾವು 31% ಇಳಿದಿತ್ತು. ಅಲ್ಲಿ ಆಮ್ಲ ಕ್ಯಾನ್ಸರ್ ಹುಡುಕಿಕೊಟ್ಟಿತು, ಕೊಂದದ್ದಲ್ಲ.

ಕಂಪನಿಗೆ ಮೇಲ್ ಮಾಡಿದ್ದೆ, ಪಿಎಚ್ ಸರಿ ಮಾಡಿ ಪರೀಕ್ಷಿಸಿದ್ದೀರಾ ಅಂತ. ಐದು ದಿನ ಬಿಟ್ಟು ಉತ್ತರ ಬಂತು: ನಮ್ಮ ಉತ್ಪನ್ನ ನೂರಕ್ಕೆ ನೂರು ನೈಸರ್ಗಿಕ, ಮುಂದಿನ ಖರೀದಿಗೆ ರಿಯಾಯಿತಿ ಕೂಪನ್ ಲಗತ್ತಿಸಿದೆ. ಕೇಳಿದ್ದೇನು, ಹೇಳಿದ್ದೇನು.

ಕೊಳ್ಳುವುದಾದರೆ ಅಡುಗೆಗೆ ಕೊಳ್ಳಿ. ಹೆಚ್ಚಿದ ತರಕಾರಿ ಮೇಲೆ ಚಿಮುಕಿಸಲು ಚೆನ್ನಾಗಿದೆ. ನೀರು ಬೆರೆಸದೆ ಕುಡಿಯಬೇಡಿ, ಹಲ್ಲಿನ ಹೊರಪದರ ಪಿಎಚ್ 5.5ಕ್ಕಿಂತ ಕೆಳಗೆ ಕರಗಲು ಶುರುವಾಗುತ್ತದೆ. ದಿನಕ್ಕೆ 250 ಮಿಲಿಲೀಟರ್‌ನಂತೆ ಆರು ವರ್ಷ ಕುಡಿದ 28ರ ಹೆಂಗಸೊಬ್ಬರ ಪೊಟ್ಯಾಸಿಯಂ ಇಳಿದು ಮೂಳೆ ಸವೆದಿದ್ದರ ಬಗ್ಗೆ 1998ರಲ್ಲಿ ವೈದ್ಯಕೀಯ ವರದಿಯೇ ಬಂದಿದೆ. ರುಚಿಗೆ 4 ಸ್ಟಾರ್, ಚೀಟಿಗೆ ಕೊಡಲು ಸ್ಟಾರ್ ಇಲ್ಲ, ಒಟ್ಟಿಗೆ 2 ಅಂತ ಒತ್ತಿದ್ದೇನೆ.

ಚಿಕ್ಕಮ್ಮನಿಗೆ ಫೋನಿನಲ್ಲಿ ಗುಳಿ, ಪಿಎಚ್ ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ಕೀಮೋದಿಂದ ಬಾಯಿ ತುಂಬ ಹುಣ್ಣಾಗಿದೆ, ಇದನ್ನು ಕುಡಿದಾಗೆಲ್ಲ ಪ್ರಾಣ ಹೋಗುತ್ತಿತ್ತು ಕಣೇ, ಆದರೂ ವಾಸಿಯಾಗಲಿ ಅಂತ ತಡೆದುಕೊಂಡಿದ್ದೆ ಅಂದರು. ಮರುದಿನವೇ ಡಾಕ್ಟರಿಗೂ ಹೇಳಿ ನಿಲ್ಲಿಸಿದರು. ಈಗ ಅವರ ಬಾಟಲಿಯೂ ನನ್ನ ಅಡುಗೆಮನೆಗೆ ಬಂದಿದೆ, ಒಟ್ಟು ಒಂದೂವರೆ ಬಾಟಲಿ ಖಾಲಿ ಮಾಡಬೇಕು.